ಒಗೆಯುವ ಕಲ್ಲಿನ ಮಗ್ಗುಲ ಜೊಂಡು

ಮೀನಿನ ಮರಿಗಳನ್ನು ಸೋಪಿನ ನೀರು ಕೊಲ್ಲಲಿಲ್ಲ. ನಮ್ಮ ಮಂದಿಯೇ ಕೆರೆಯ ದಂಡೆ ಬೋಳಿಸಿ, ಆ ಬೋಳು ನೀರಿಗೆ ಮರಿ ಸುರುವಿ, ದೊಡ್ಡ ಮೀನಿಗೆ ಎಡೆ ಹಿಡಿದರು. ನಡೆದದ್ದು ಇಷ್ಟೇ. ಇದರ ಮೇಲೆ ಯಾರು ಏನು ಹೇಳಿದರೂ ಅದು ತಮ್ಮ ಮುಖ ಉಳಿಸಿಕೊಳ್ಳುವ ಮಾತು.

ಇದನ್ನು ನಾನು ಮನೆಯ ಮೂಲೆಯಲ್ಲಿ ಕೂತು ಗೊಣಗಲಿಲ್ಲ. ಕೆರೆಯ ದಂಡೆಯಲ್ಲೇ ಎಲ್ಲರ ಎದುರು ಹೇಳಿದೆ. ನನ್ನ ಹಿರೇ ಮಗನಿಗೆ ಹಾಗಲಕಾಯಿ ಜಗಿದಂಗಾಯಿತು. ಆಗಲಿ. ಸಿಹಿ ಬೇಕಾದವರು ಪೇಢೆ ಅಂಗಡಿಗೆ ಹೋಗಬೇಕು, ನನ್ನ ಹತ್ತಿರ ಬರಬಾರದು.

ನಾವು ಭೀಮಾ ದಂಡೆಯ ಅಂಬಿಗರು, ಯಾದಗಿರಿ ಕಡೆಯವರು. ಇಲ್ಲಿ ಪುಣೆಯ ಸುತ್ತಿನ ಗುಡ್ಡಗಳಲ್ಲಿ ಹುಟ್ಟಿದ ನೀರೇ ಹರಿದು ಹರಿದು ನಮ್ಮೂರ ಮುಂದೆ ಹಾಯತದ. ನೀರು ಕೆಳಗೆ ಹೋಯಿತು, ನಾವು ಕೂಲಿ ಹುಡುಕಿಕೊಂಡು ಅದಕ್ಕೆ ಎದುರಾಗಿ ಮೇಲಕ್ಕೆ ಬಂದೆವು. ನಾನು ಬಂದಾಗ ಹಿರೇ ಮಗ ಟೊಂಕದ ಮೇಲಿದ್ದ. ತಳೇಗಾಂವದಲ್ಲಿ ಈ ಕೆರೆಯ ಸುತ್ತ ನಿಂತಿರುವ ಬಿಲ್ಡಿಂಗುಗಳಲ್ಲಿ ಎಷ್ಟಕ್ಕೋ ಉಸುಕು ಹೊತ್ತವಳು ನಾನು. ಈಗ ಅವುಗಳ ಗೇಟಿನಲ್ಲಿ ವಾಚಮನ್ ನನ್ನನ್ನು "ಕುಠಂ ಚಾಲಲಾತ, ಆಜೀ?" ಅಂತ ಕೇಳತಾನ. ಎಲ್ಲಿಗೆ ಹೊಂಟೀನಿ ಅಂತ ಅವನಿಗೆ ಹೇಳಬೇಕಂತೆ. ಇರಲಿ, ಅದು ಬ್ಯಾರೆ ಸಿಟ್ಟು.

ಮಗ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗತಾನ. ಅದರ ಜೊತೆಗೆ ನಮ್ಮ ಕಡೆಯ ನಾಲ್ಕಾರು ಮನೆಯವರು ಸೇರಿ ಈ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದಿದ್ದಾರೆ. ನಸುಕಿನಲ್ಲಿ ಬಲೆ, ಆಮೇಲೆ ಫ್ಯಾಕ್ಟರಿ. ಇವನೇ ಮುಂದಾಳು. ಮುಂದಾಳು ಆದವನಿಗೆ ಮೊದಲು ಬಿಳಿ ಅಂಗಿ ಬರತದ, ಬುದ್ಧಿ ಆಮೇಲೆ ಬಂದರೂ ಬಂತು.

ಮೀನಿಗೆ ಹುಟ್ಟಿನಿಂದ ಸಾಯುವ ತನಕ ಒಂದೇ ಮನೆ ಅಂತ ತಿಳಿದವರು ಮೀನು ತಿಂದವರು, ಮೀನು ನೋಡಿದವರಲ್ಲ. ತತ್ತಿ ಒಡೆದು ಬಂದ ಮರಿಗೆ ಎರಡು ಕಣ್ಣು ಇರತಾವ, ಮೈ ಇರೋದಿಲ್ಲ. ಅದು ಇಕ್ಕಟ್ಟು ಹುಡುಕತದ. ಜೊಂಡಿನ ಬುಡ, ಪಾಚಿ, ನೀರಿಗೆ ಬಿದ್ದ ಜಾಲಿಟೊಂಗೆ. ಅಲ್ಲಿ ತಿನ್ನಲು ಕಡಿಮೆ ಇರಲಿ, ಬಿಸಿಲಿಗೆ ನೀರು ಕಾಯಲಿ, ಅಲ್ಲೇ ಇರತದ. ಯಾಕಂದರೆ ದೊಡ್ಡ ಬಾಯಿ ಅಲ್ಲಿ ತೂರೋದಿಲ್ಲ. ಕಿರುಬೆರಳಷ್ಟಾದ ಮೇಲೆ ಅದರ ಹೊಟ್ಟೆ ದೊಡ್ಡದಾಗತದ, ಇಕ್ಕಟ್ಟಿನ ಕೂಳು ಸಾಲೋದಿಲ್ಲ. ಆಗ ಜೊಂಡಿನ ಅಂಚಿಗೆ ಬಂದು, ಒಂದು ತುತ್ತು ಕದ್ದು, ಮತ್ತೆ ಒಳಗೆ ಓಡತದ. ಅಂಗೈಯಷ್ಟಾದಾಗ ಕಲ್ಲಿನ ಸಂದಿ ಹಿಡಿಯತದ. ನುಂಗುವವನ ಗಂಟಲಲ್ಲಿ ಸಿಕ್ಕಿಬೀಳುವಷ್ಟು ದಪ್ಪಗಾದ ಮೇಲೆ ನಡುಕೆರೆಯ ಆಳಕ್ಕೆ ಇಳಿಯತದ. ಒಮ್ಮೆ ಇಳಿಯಿತು ಅಂದರೆ ಜೊಂಡಿನ ಕಡೆ ತಿರುಗಿ ನೋಡೋದಿಲ್ಲ. ಹಸಿವು ಹೊರಗೆ ಎಳೆಯತದ, ಹೆದರಿಕೆ ಒಳಗೆ ಎಳೆಯತದ. ಎರಡರ ನಡುವೆ ಇವತ್ತು ಎಲ್ಲಿ ನಿಲ್ಲಬೇಕು ಅಂತ ಆ ಮರಿ ತಾನೇ ನೋಡಿಕೊಳ್ಳತದ.

ಇದು ತಿಳಿಯಲು ದೊಡ್ಡ ಶಾಣ್ಯಾತನ ಬೇಕಿಲ್ಲ. ನದಿ ದಂಡೆಯಲ್ಲಿ ಕೊಡ ಮುಳುಗಿಸುವ ಹೆಣ್ಣುಮಕ್ಕಳೆಲ್ಲ ದಿನಾ ಕಾಣುವ ಸಂಗತಿ. ನಮ್ಮ ಗಂಡಸರೂ ಕಂಡವರೇ. ಮರೆತರು.

ಮರೆಸಿದ್ದು ಪೂಜೆ. ನಮ್ಮಲ್ಲಿ ಮಳೆ ಹಿಡಿದು ನೀರು ಏರಿದ ಮೇಲೆ ಗಂಗಮ್ಮನ ಉಡಿ ತುಂಬತಾರ. ಊರಲ್ಲಾದರೆ ಮುತ್ತೈದೆಯರು ನದಿಯ ಪಾವಟಿಗೆ ಇಳಿದು ಅಕ್ಕಿ, ಕೊಬ್ಬರಿ, ಹಸಿರು ಬಳೆ, ಕುಪ್ಪಸದ ಬಟ್ಟೆ ಎಲ್ಲ ನೀರಿಗೆ ಬಿಟ್ಟು ಕೈ ಮುಗಿಯುವುದು. ಇಲ್ಲಿ ಕೆರೆ ಹಿಡಿದ ಮೇಲೆ ನಮ್ಮವರು ಅದಕ್ಕೆ ಒಂದು ಸೇರಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ ಮೀನಿನ ಮರಿ ಬರತಾವಲ್ಲ, ಅವನ್ನೂ ಉಡಿಯ ಜೊತೆಗೇ ಗಂಗಮ್ಮನಿಗೆ ಒಪ್ಪಿಸುವುದು. ಕೇಳಲು ಚಂದ ಅದ. ಮೊದಲ ವರ್ಷಗಳಲ್ಲಿ ಕೆರೆಯ ದಂಡೆ ತುಂಬ ಆಳೆತ್ತರ ಜೊಂಡು ಇತ್ತು, ಎಲ್ಲಿ ಸುರುವಿದರೂ ಮರಿ ಎರಡು ಮಾರು ಈಜಿ ಒಳಗೆ ಸೇರಿಕೊಳ್ಳುತ್ತಿದ್ದವು. ಹಾಗಾಗಿ ಯಾರ ತಲೆಗೂ ಬರಲಿಲ್ಲ.

ಈ ವರ್ಷ ಮಗನಿಗೆ ಸ್ವಚ್ಛದ ಹುಚ್ಚು ಹತ್ತಿತು. ಬಿಲ್ಡಿಂಗಿನವರು ಮುಂಜಾನೆ ಕೆರೆ ಸುತ್ತ ನಡೆಯಲು ಬರತಾರ. ಅವರಲ್ಲಿ ಯಾರೋ ಒಬ್ಬರು ಇವನಿಗೆ, ನಿಮ್ಮ ಪೂಜೆ ಭಾಳ ಚಂದ, ದಂಡೆ ಮಾತ್ರ ಹೊಲಸು ಅಂದರಂತೆ. ಅಷ್ಟೇ ಸಾಕಾಯಿತು. ಕುಡುಗೋಲು, ಕೊಡಲಿ, ಬಾಡಿಗೆಗೆ ತಂದ ಹಳದಿ ಯಂತ್ರ. ಜೊಂಡು ಕಿತ್ತರು, ಪಾಚಿ ಬಾಚಿದರು, ನೀರಿಗೆ ಬಾಗಿದ ಜಾಲಿ ಕಡಿದರು. ಗಂಗಮ್ಮ ಹೊಲಸಿನಲ್ಲಿ ಕಾಲಿಡೋದಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು.

ನಾನು ಅಂದೆ, "ಎಪ್ಪಾ, ಪಾವಟಿಗಿ ಮುಂದಿಂದು ತಗೀರಿ, ಉಳಿದದ್ದು ಬಿಡ್ರಿ. ಮರಿಗಳು ಎಲ್ಲಿ ಇರಬೇಕು?"

"ಇಷ್ಟು ದೊಡ್ಡ ಕೆರಿ ಅದಲ್ಲ ಯವ್ವಾ. ಎಲ್ಲಿ ಬೇಕಾದಲ್ಲಿ ಇರಲಿ."

"ಊರು ದೊಡ್ಡದದ ಅಂತ ಕೂಸನ್ನ ರಸ್ತೆ ಮ್ಯಾಲ ಮಲಗಸ್ತಾರೇನು?"

"ನೀ ಎಲ್ಲಾದಕ್ಕೂ ಒಂದು ಕೊಂಕು ತಗೀತಿ ನೋಡು," ಅಂತ ಹೋದ.

ಕೆರೆಯ ಕೋಡಿ ಇರುವ ಒಂದು ಮೂಲೆ ಮಾತ್ರ ಬಿಟ್ಟರು. ಯಾಕೆ ಬಿಟ್ಟರು ಅಂದರೆ ಅಲ್ಲಿ ಒಬ್ಬಾಕಿ ಅರಿವೆ ಒಗೆಯತಾಳ. ಸೇಡಂ ಕಡೆಯಾಕಿ, ಗಂಡ ಇಲ್ಲ, ಮಕ್ಕಳಿಲ್ಲ. ಫ್ಯಾಕ್ಟರಿಯ ಹುಡುಗರು ರೂಮು ಮಾಡಿಕೊಂಡು ಇರತಾರಲ್ಲ, ಅವರ ಎಣ್ಣೆ ಮೆತ್ತಿದ ಡ್ರೆಸ್ಸು ಒಗೆದು ಅದರ ಮೇಲೆ ಬದುಕತಾಳ. ಮೈಲಿಗೆ ಅರಿವೆ ಒಗೆಯುವ ಜಾಗ, ಗಂಗಮ್ಮ ಆ ಕಡೆ ಹಾಯೋದಿಲ್ಲ, ಅದನ್ನು ಮುಟ್ಟುವುದೇ ಬ್ಯಾಡ ಅಂದರು. ಆಕೆಯ ಕಲ್ಲಿನ ಮಗ್ಗುಲಿಗೆ ಒಂದು ಮಡಿ ಜೊಂಡು ಹಾಗೇ ಉಳಿಯಿತು.

ಆಕೆ ನನಗೆ ಬಳಗವಲ್ಲ, ಗೆಳತಿಯೂ ಅಲ್ಲ. ಬಾಯಿ ಕೆಟ್ಟದು. ಸೋಪಿನ ನೀರು ಮೀನಿಗೆ ಅಮೃತವಲ್ಲ ಅಂತ ನನಗೂ ಗೊತ್ತದ. ಹಿಂದೊಮ್ಮೆ ನಾನೇ ಹೋಗಿ, ಒಗೆದ ನೀರು ಕೆರೆಗೆ ಚೆಲ್ಲಬ್ಯಾಡ, ಈಚೆ ಮಣ್ಣಿಗೆ ಚೆಲ್ಲು ಅಂದಿದ್ದೆ. "ಬಕೀಟು ಹೊರಲಿಕ್ಕೆ ನಿಮ್ಮ ಸೊಸೀನ ಕಳಸ್ರಿ," ಅಂದಳು. ಆದರೂ ಆಮೇಲೆ ನೋಡಿದಾಗ ಮಣ್ಣಿಗೇ ಚೆಲ್ಲುತ್ತಿದ್ದಳು.

ಪೂಜೆಯ ದಿನ ನಾನು ದೂರ ನಿಂತಿದ್ದೆ. ಉಡಿ ತುಂಬುವಲ್ಲಿ ವಿಧವೆಯರಿಗೆ ಜಾಗ ಇಲ್ಲ. ಒಗೆಯುವಾಕಿಯೂ ನನ್ನ ಬಾಜೂಕೇ ಬಂದು ನಿಂತಳು, ಆಕೆಗೂ ಅದೇ ಕಾನೂನು. ನನ್ನ ಸೊಸೆ ಹಸಿರು ಸೀರೆ ಉಟ್ಟು ಮುಂದೆ ಇದ್ದಳು. ನೆತ್ತಿಯ ಮೇಲೆ ಬಿಸಿಲು, ನೀರು ಕನ್ನಡಿಯಂಗೆ, ತಳದ ಹರಳು ಕಾಣುವಷ್ಟು ಬೋಳು. ಮಗ ಬಿಳಿ ಅಂಗಿ ಹಾಕಿ ಚೀಲ ಒಂದೊಂದೇ ಬಿಚ್ಚಿ ಅದೇ ಪಾವಟಿಗೆಯಲ್ಲಿ ಸುರುವಿದ. ಬಿಲ್ಡಿಂಗಿನವರು ಫೋನು ಎತ್ತಿ ಹಿಡಿದರು. ಮರಿಗಳು ಸುರುವಿದಲ್ಲೇ ಒಂದು ಗುಂಪಾಗಿ ಸುತ್ತತೊಡಗಿದವು. ಹಿಂದಕ್ಕೆ ಹೋದವು, ಮೆಟ್ಟಿಲ ಗೋಡೆ. ಬಲಕ್ಕೆ ಹೋದವು, ಬಯಲು. ಎಡಕ್ಕೂ ಬಯಲು.

ಒಗೆಯುವಾಕಿ ಮೆಲ್ಲಗೆ ಅಂದಳು, "ಮದುವಿ ಮನಿಗೆ ಬಂದು ಬಚ್ಚಲು ಎಲ್ಲದ ಅಂತ ಹುಡುಕಿದಂಗ ಹುಡುಕಲಿಕ್ಕ ಹತ್ಯಾವ ನೋಡ್ರಿ."

ನನಗೆ ನಗು ಬಂತು, ಸಿಟ್ಟೂ ಬಂತು. ನಡುಕೆರೆಯಲ್ಲಿ ನೀರು ಒಮ್ಮೆ ಉಬ್ಬಿ ಮಗುಚಿತು. ಆಮೇಲೆ ಅದಕ್ಕಿಂತ ಹತ್ತಿರ ಮಗುಚಿತು. ಮಂದಿ ಗಂಗಮ್ಮ ಉಡಿ ಒಪ್ಪಿಸಿಕೊಂಡಳು ಅಂತ ಕೈ ಮುಗಿದರು.

ಮರುದಿನ ಬಲೆಗೆ ಒಂದು ಬಾಳೆ ಮೀನು ಬಂತು. ಬಾಯಿ ಕಣ್ಣಿನ ಹಿಂದಿನ ತನಕ ಸೀಳಿದ, ಒಂದು ಹುರುಪೆ ಇಲ್ಲದ ನುಣ್ಣನೆ ಮೀನು. ಕೆರೆಯಲ್ಲಿ ಅಂಥವು ಮೊದಲಿನಿಂದ ಅದಾವ. ನಾನು ಕತ್ತರಿಸಲು ಕೂತೆ. ಹೊಟ್ಟೆ ಕೊಯ್ದರೆ ಒಳಗೆ ಬರೀ ಮರಿ, ಅರಿವೆ ಗಂಟಿನಂಗೆ ತುಂಬಿದ್ದವು. ಕೆಲವು ಇನ್ನೂ ಹೊಳೆಯುತ್ತಿದ್ದವು. ತಾಟಿನಲ್ಲಿ ಹಾಕಿ ಮಗನ ಮುಂದೆ ಇಟ್ಟೆ.

"ಇದೇನು?"

"ಗಂಗಮ್ಮನ ಉಡಿ. ನೋಡು, ಎಲ್ಲಿ ಮುಟ್ಯಾದ."

ಅವನು ತಾಟು ಸರಿಸಿದ. "ಒಂದೆರಡು ತಿಂದಿರತದ ಯವ್ವಾ. ಎಷ್ಟು ಬಿಟ್ಟೀವಿ, ಎಲ್ಲಾ ತಿಂದೀತೇನು?" ಸೊಸೆ ತಾಟು ನೋಡಿದಳು, ನನ್ನನ್ನು ನೋಡಿದಳು, ತಾಟು ಒಳಗೆ ಒಯ್ದಳು.

ಮಳೆ ಇಳಿದ ಮೇಲೆ ಮರಿ ಎಷ್ಟು ಬೆಳೆದಾವ ನೋಡೋಣ ಅಂತ ಸಣ್ಣ ಕಣ್ಣಿನ ಬಲೆ ಎಳೆದರು. ಒಂದೂ ಇಲ್ಲ. ಮತ್ತೊಂದು ಕಡೆ ಎಳೆದರು, ಅಲ್ಲೂ ಇಲ್ಲ. ಕಸ ಬಂತು, ಪೂಜೆಯ ಬಳೆ ಬಂದವು, ಮರಿ ಬರಲಿಲ್ಲ. ಗಂಡಸರು ಮುಖ ಮುಖ ನೋಡಿಕೊಂಡರು. ದಂಡೆ ಬೋಳಿಸಿದ್ದು ತಪ್ಪು ಅಂದರೆ ಪೂಜೆ ತಪ್ಪು ಅಂದಂಗೆ. ಪೂಜೆ ತಪ್ಪು ಅಂದರೆ ಮುಂದಾಳು ತಪ್ಪು. ಗಂಗಮ್ಮನದಲ್ಲ, ಗಂಡಸರದಲ್ಲ ಅಂದ ಮೇಲೆ ತಪ್ಪು ಹೊರಲು ಉಳಿದಾಕಿ ಯಾರು? ಹಿಂದೆ ಮುಂದೆ ಯಾರೂ ಇಲ್ಲದಾಕಿ. ಬಲೆ ಒಣಗುವುದರೊಳಗೆ ಊಟಕ್ಕೆ ಕೂತ ಬಾಯಿಯಲ್ಲೆಲ್ಲ ಒಂದೇ ಮಾತು. ಒಗೆಯುವಾಕಿಯ ಸೋಪು.

ನಾನು ಯಾರಿಗೂ ಹೇಳದೆ ಕೋಡಿಯ ಮೂಲೆಗೆ ಹೋದೆ. ಆಕೆ ಒಗೆಯುತ್ತಿದ್ದಳು. ನಾನು ಸೀರೆ ಎತ್ತಿ ಕಟ್ಟಿ ಜೊಂಡಿನ ಒಳಗೆ ಇಳಿದೆ. ಸ್ವಲ್ಪ ಹೊತ್ತು ಅಲುಗದೆ ನಿಂತ ಮೇಲೆ ಕಾಲಿಗೆ ಕಚಗುಳಿ ಇಟ್ಟಂಗಾಯಿತು. ಕೆಳಗೆ ನೋಡಿದರೆ ಅಲ್ಲಿದ್ದವು. ಬೆರಳುದ್ದ ಆಗಿದ್ದವು. ಆ ಬೋಳು ದಂಡೆಯನ್ನು ಸುತ್ತುಹಾಕಿ, ದಾರಿಯಲ್ಲಿ ತಿನ್ನಿಸಿಕೊಂಡು ಉಳಿದ ಅಷ್ಟಿಷ್ಟು ಮರಿ ಕಡೆಗೆ ಹೊಲಸು ಅಂತ ಬಿಟ್ಟ ಮೂಲೆಗೆ ಬಂದು ಸೇರಿದ್ದವು. ಕೆಲವು ಆಗಲೇ ಜೊಂಡಿನ ಅಂಚಿಗೆ ಬಂದು ಹೊರಗೆ ನೋಡಿ ಒಳಗೆ ಓಡುತ್ತಿದ್ದವು.

"ಕೆಡವಿದ್ದೇನಾದರೂ ಹುಡುಕತೀರೇನ್ರಿ?" ಅಂದಳು ಒಗೆಯುವಾಕಿ.

"ನಿನ್ನ ಬಾಡಿಗಿದಾರರನ್ನ ನೋಡಲಿಕ್ಕ ಬಂದೀನಿ."

"ಅವು ಇರೋದು ನನಗ ಗೊತ್ತದ. ಹೇಳಿದರ ನಿಮ್ಮವರು ಬಲಿ ಬೀಸತಾರಂತ ಸುಮ್ಮನದೀನಿ."

ಅವತ್ತು ಸಂಜೆ ಪಂಪಿನ ಮನೆಯ ಕಟ್ಟೆಯ ಹತ್ತಿರ ಎಲ್ಲರೂ ಸೇರಿದರು. ಒಗೆಯುವಾಕಿಯನ್ನು ಕರೆಸಿದ್ದರು. ಕಟ್ಟೆಯ ಮೇಲೆ ಜಾಗ ಇತ್ತು, ಆಕೆಗೆ ಕೂತುಕೋ ಅಂತ ಯಾರೂ ಅನ್ನಲಿಲ್ಲ. ಮಗ ಮಾತು ತೆಗೆದ. ನೀನು ಕಲ್ಲು ಬಿಡಬೇಕು, ಬ್ಯಾರೆ ಎಲ್ಲಾದರೂ ನೋಡಿಕೋ ಅಂದ. ಬ್ಯಾರೆ ಎಲ್ಲಿ ಅಂತ ಹೇಳಲಿಲ್ಲ. ಕೆರೆ ಸುತ್ತ ಬಿಲ್ಡಿಂಗು, ಬಿಲ್ಡಿಂಗಿನ ಸುತ್ತ ಗೋಡೆ. ಆ ಕಲ್ಲು ಬಿಟ್ಟರೆ ಆಕೆಗೆ ನೀರು ಇಲ್ಲ, ನೀರು ಇಲ್ಲದಿದ್ದರೆ ಕೂಳು ಇಲ್ಲ. ಇಷ್ಟು ಎಲ್ಲರಿಗೂ ಗೊತ್ತಿತ್ತು.

ಆಕೆ ಅಂದಳು, "ಕಲ್ಲು ಒಯ್ದು ನಿಮ್ಮ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡ್ರಿ. ಬರೇ ನೀರು ನೋಡಿ ನೋಡಿ ಗಂಗಮ್ಮಗೂ ಬ್ಯಾಸರಾಗಿರತದ."

ನಾನು ಎದ್ದು ನಿಂತೆ. "ಸತ್ತ ಮೀನು ಏನ ಮಾಡತದ? ಹೇಳ್ರಿ. ಅಂಬಿಗರ ಮಕ್ಕಳದೀರಿ."

"ತೇಲತದ," ಅಂದ ಒಬ್ಬ.

"ತೇಲಿದ್ದು ಯಾರು ಕಂಡೀರಿ?"

ಮಗನ ಬಾಜೂಕಿನವ ತಡವರಿಸಿ ಅಂದ, "ಕಾಗಿ, ಕೊಕ್ಕರಿ ತಿಂದಿರಬೇಕು, ದೊಡ್ಡವ್ವಾ."

"ಅಷ್ಟೂ ಸತ್ತ ಮರಿ ತಿಂದು, ಒಂದು ಸಲ ಕಾ ಅನ್ನದಂಗ ಹೋದವು. ಭಾಳ ಸಂಭಾವಿತ ಕಾಗಿ ಬಿಡು ನಮ್ಮ ಕೆರಿವು."

ಹಿಂದೆ ಕೂತವರು ನಕ್ಕರು. ಮಗ ನಗಲಿಲ್ಲ. ನಾನು ಬಾಳೆ ಮೀನಿನ ಹೊಟ್ಟೆಯ ಸಂಗತಿ ಹೇಳಿದೆ, ಬೋಳು ದಂಡೆಯ ಸಂಗತಿ ಹೇಳಿದೆ, ಮರಿಗಳನ್ನು ಸೋಪು ಕೊಲ್ಲಲಿಲ್ಲ ಅಂತ ಮೊದಲಿಗೇ ಅಂದೆನಲ್ಲ, ಆ ಮಾತನ್ನು ಎಲ್ಲರ ಮುಖಕ್ಕೆ ಹೇಳಿದೆ. ನಂಬದಿದ್ದರೆ ಬರ್ರಿ ಅಂತ ಕೋಡಿಯ ಮೂಲೆಗೆ ಕರೆದುಕೊಂಡು ಹೋದೆ. ನೀರಿಗೆ ಇಳಿದು, ಸೆರಗನ್ನು ಜೊಂಡಿನ ಬುಡಕ್ಕೆ ಅಗಲ ಮಾಡಿ ಹಿಡಿದು ಎತ್ತಿದೆ. ಸೆರಗಿನಲ್ಲಿ ಮರಿಗಳು ಹುರಿದ ಜೋಳದಂಗೆ ಸಿಡಿದವು. ಎಲ್ಲರೂ ಬಗ್ಗಿ ನೋಡಿದರು. ನಾನು ತಿರುಗಿ ನೀರಿಗೆ ಬಿಟ್ಟೆ.

ಇನ್ನೇನು ಬೇಕು ಅಂದುಕೊಂಡೆ. ಮಗ ನೀರಿನಿಂದ ತಲೆ ಎತ್ತಿ ಅಂದ, "ಹಂಗಾದರ ಉಳಿದದ್ದೆಲ್ಲ ಇಲ್ಲೇ ಅದಾವ. ಇಲ್ಲೇ ಸೋಪು ಬೀಳತದ. ಇವೂ ಸಾಯೋಕಿಂತ ಮೊದಲ ಕಲ್ಲು ಎತ್ತಿಸಿ ಈ ಮೂಲಿನೂ ಸ್ವಚ್ಛ ಮಾಡೂನು. ಕಲ್ಲು ಎತ್ತಲಿಕ್ಕ ಯಂತ್ರಕ್ಕ ಹೆಂಗೂ ಹೇಳೀನಿ. ನಾಳೆ ಮುಂಜಾನೆ ಬರತದ."

ನನಗೆ ಮೈಯೆಲ್ಲ ಉರಿಯಿತು. ಕುರುಡನ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಕಂಡದ್ದನ್ನು ತನಗೆ ಬೇಕಾದ ಕಡೆ ತಿರುಗಿಸುವವನ ಮೇಲೆ ಅದ. ಅವನು ನಾನು ಹಡೆದವನು ಅನ್ನುವುದು ಸಿಟ್ಟಿಗೆ ಇನ್ನೊಂದು ಕಟ್ಟಿಗೆ.

"ನೀ ಅಂಬೆಗಾಲು ಇಡುವಾಗ ನಾ ನಿನ್ನ ಎಲ್ಲಿ ಬಿಟ್ಟು ಉಸುಕು ಹೊರತಿದ್ದೆ, ನೆನಪದೇನು?" ಅಂದೆ.

"ಯವ್ವಾ, ಈಗ ಆ ಮಾತ್ಯಾಕ."

"ಸಿಮೆಂಟ್ ಚೀಲದ ಸಂದ್ಯಾಗ. ಬಾಯಿ ತುಂಬ ಧೂಳು, ಮೈ ತುಂಬ ಧೂಳು. ಬಯಲಿನ್ಯಾಗ ಗಾಳಿ ಚಂದ ಇತ್ತು, ಲಾರಿನೂ ಇದ್ದವು. ನಡಿಲಿಕ್ಕ ಬಂದ ಮ್ಯಾಲ ಉಸುಕಿನ ಗುಂಪಿಗಿ ಬಂದಿ. ಲಾರಿ ನೋಡಿ ಸರಿಯೋ ಬುದ್ಧಿ ಬಂದ ಮ್ಯಾಲ ರಸ್ತೆಕ್ಕ ಹೋದಿ. ನಾ ಯಾವಾಗರೆ ದೂಡಿದೆನೇನು? ನಿನ್ನ ಚೀಲ ಯಾರರೆ ಹೊಲಸು ಅಂತ ಎತ್ತಿ ಒಗೆದಿದ್ದರ ಇವತ್ತು ಈ ಬಿಳಿ ಅಂಗಿಗಿ ಮೈ ಇರತಿರಲಿಲ್ಲ."

ಮಗನ ಕಿವಿ ಕೆಂಪಾದವು. "ಮಂದಿ ಮುಂದ ಮರ್ಯಾದಿ ತಗೀತಿ," ಅಂದ. ಸೇರಿದವರು ದಂಡೆ ಬಿಟ್ಟು ಒಬ್ಬೊಬ್ಬರೇ ಹೋದರು. ನಿರ್ಧಾರ ನಿರ್ಧಾರವೇ ಆಗಿ ಉಳಿಯಿತು. ಒಗೆಯುವಾಕಿ ಕಲ್ಲಿನ ಮೇಲಿನ ಬ್ರಶ್ಶು, ಬಕೀಟು ಎತ್ತಿಕೊಂಡು ನನ್ನನ್ನು ನೋಡದೆ ಹೋದಳು. ನಾನೂ ಆಕೆಗೆ ಸಮಾಧಾನ ಹೇಳಲಿಲ್ಲ. ಸಮಾಧಾನ ಹಚ್ಚಿಕೊಂಡು ಅರಿವೆ ಒಗೆಯಲು ಬರೋದಿಲ್ಲ.

ಮರುದಿನ ಮುಂಜಾನೆ ಎದ್ದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೆಗೆದು ಗಂಟು ಕಟ್ಟಿದೆ. ಹಳೇ ಸೀರೆ, ಧೋತರ ಕೂಡಿಸಿ ನಾನೇ ಹೊಲಿದ ದಪ್ಪ ಕೌದಿಗಳು. ಸೊಸೆ ಚಹಾಕ್ಕೆ ಇಟ್ಟವಳು ಬಂದು ನೋಡಿದಳು. ಒಳಗೆ ಹೋಗಿ ಗಂಡನ ಬಿಳಿ ಅಂಗಿ ತಂದು ಗಂಟಿನೊಳಗೆ ತುರುಕಿದಳು. "ಇದೂ ಹೊಲಸಾಗ್ಯಾದ ಅತ್ತಿ," ಅಂದಳು.

ಕೋಡಿಗೆ ಹೋಗಿ ಆ ಕಲ್ಲಿನ ಮುಂದೆ ಕೂತೆ. ಕೌದಿ ನೆನೆಸಿ, ಎತ್ತಿ ಎತ್ತಿ ಬಡಿಯತೊಡಗಿದೆ. ಒಗೆಯುವಾಕಿ ದೂರದಿಂದಲೇ ನೋಡಿ ಬಂದಳು. "ನನ್ನ ಕಲ್ಲಿಗಿ ನಿಮಗೇನು ಕೆಲಸ?"

"ಗಿರಾಕಿ ಅದೀನಿ. ನಿನಗ ಕೈ ಖಾಲಿ ಇದ್ದರ ನೀರು ಹೊರು. ಮಣ್ಣಿಗಿ ಚೆಲ್ಲು."

ಆಕೆ ಬಕೀಟು ತುಂಬಿದಳು.

ಹಳದಿ ಯಂತ್ರ ಬಂತು. ಅದರ ಡ್ರೈವರ್ ಮರಾಠಿ ಹುಡುಗ, ಮೇಲಿಂದ "ಆಜೀ, ಬಾಜೂಲಾ ವ್ಹಾ" ಅಂದ. ಒಗೆಯೋದು ಮುಗಿದ ಮೇಲೆ ಸರಿಯತೇನಿ ಅಂತ ಅವನ ಭಾಷೆಯಲ್ಲೇ ಹೇಳಿದೆ. ಎಷ್ಟು ಅದ ಅಂತ ಕೇಳಿದ. ಗಂಟು ತೋರಿಸಿದೆ. ಇದು ಇವತ್ತಿನದು, ನಾಳೆ ಓಣಿಯವರದು ತರತೇನಿ ಅಂದೆ. ಅವನು ಯಂತ್ರ ಬಂದ್ ಮಾಡಿ, ಇಳಿದು, ತಂಬಾಕು ತಿಕ್ಕುತ್ತ ನೆರಳಿಗೆ ಹೋಗಿ ಕೂತ.

ಅಷ್ಟರಲ್ಲಿ ಮಗ ಬಂದ. ಬನಿಯನ್ನಿನ ಮೇಲಿದ್ದ, ಹಾಕಿಕೊಳ್ಳಲು ಅಂಗಿ ಸಿಕ್ಕಿರಲಿಲ್ಲ. ಅವನ ಅಂಗಿ ಕಲ್ಲಿನ ಮೇಲಿತ್ತು. ಜೊಂಡಿನ ಅಂಚಿನಲ್ಲಿ ಮರಿಗಳು ಹೊರಗೆ ಬಂದು, ನನ್ನ ಬಡಿತಕ್ಕೆ ಬೆದರಿ ಒಳಗೆ ಹೋಗಿ, ಮತ್ತೆ ಬರುತ್ತಿದ್ದವು. ಅವನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ನೆನೆದ ಕೌದಿ ಒಬ್ಬರ ಕೈಯಿಂದ ಹಿಂಡಲು ಆಗೋದಿಲ್ಲ. ನಾನು ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಅವನ ಕಡೆ ಎಸೆದೆ.

"ಹಿಡಿ," ಅಂದೆ. "ಈಚೆ ಬಾ, ಮಣ್ಣಿನ ಕಡೆ. ನೀರು ಕೆರಿಗಿ ಬೀಳಬಾರದು."

ಹಿಡಿದ. ನಾನು ಬಲಕ್ಕೆ ತಿರುವಿದೆ, ಅವನು ಎಡಕ್ಕೆ ತಿರುವಿದ. ಅವನ ಮುಖ ನಾನು ನೋಡಲಿಲ್ಲ. ಕೌದಿ ಹಿಂಡುವಾಗ ಕೌದಿ ನೋಡಬೇಕು. ಅದನ್ನು ಮೂಲೆಯ ಆಚೆ ಕಡಿದಿದ್ದ ಜಾಲಿಯ ಮೋಟಿನ ಮೇಲೆ ಒಣಹಾಕಿ ಎರಡನೆಯದಕ್ಕೆ ಕೈ ಹಾಕಿದೆ.